ಕೋಡಿಯ ಸದ್ದಿನಲ್ಲಿ ಹೇಳಿದ ಮಾತು

ಪ್ಲಾಸ್ಟರಿನೊಳಗೆ ಮತ್ತೆ ನವೆ, ಮಣಿಕಟ್ಟಿನಿಂದ ಅಂಗೈ ಕಡೆಗೆ ಇರುವೆ ನಡೆದ ಹಾಗೆ, ಕೆರೆದುಕೊಳ್ಳೋಣವೆಂದರೆ ಬೆರಳು ಒಳಗೆ ಹೋಗುವುದಿಲ್ಲ, ಎಡಗೈಯಿಂದ ಮೇಲೆ ಮೇಲೆ ತಟ್ಟುತ್ತೇನೆ, ಟಕ್ ಟಕ್ ಅನ್ನುತ್ತದೆ, ಸುಷ್ಮಿತಾ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, ಏನಾದ್ರೂ ಹೇಳಿದ್ರಾ ಅತ್ತೆ? ಇಲ್ಲಮ್ಮ, ಹೇಳಲಿಲ್ಲ. ಹೇಳದೆ ಎಷ್ಟು ಹೊತ್ತಾಯಿತೋ, ಒಲೆಯ ಮೇಲೆ ಬೇಳೆಯ ಕುಕ್ಕರ್ ಕೂಗಿ ಸುಮ್ಮನಾಗಿದೆ, ಬೀದಿಯಲ್ಲಿ ಸೊಪ್ಪಿನವಳು ಬಂದು ಹೋದಳು. ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡ ಮೇಲೆ ನನ್ನ ಕಥೆ ಸೊಸೆಯ ಬೆರಳಿಗೆ ಬಂದಿದೆ, ನಾನು ಹೇಳಬೇಕು, ಅವಳು ಒತ್ತಬೇಕು, ಒಬ್ಬಳೇ ಕುಳಿತು ಬರೆಯುವಾಗ ಕಾಗದ ನನ್ನ ಮುಖ ನೋಡುತ್ತಿರಲಿಲ್ಲ, ಇವಳು ನೋಡುತ್ತಾಳೆ. ಕೊನೇ ಸಾಲು ಓದು ಅಂದೆ, ಓದಿದಳು — ಕೋಡಿಯ ಹತ್ತಿರ ದುರ್ಗಾ ಮತ್ತು ಮೇಷ್ಟ್ರು ಅಕ್ಕಪಕ್ಕ ನಿಂತರು. ನಿಂತರು, ನಿಂತೇ ಇದ್ದಾರೆ ಬೆಳಗಿನಿಂದ, ಪಾಪ, ಅವರನ್ನು ಅಲ್ಲಿಂದ ಕದಲಿಸಬೇಕಾದವಳು ನಾನು ಇಲ್ಲಿ ಹೊಳಲ್ಕೆರೆಯ ಮನೆಯ ಮಂಚದ ಮೇಲೆ ಕೈ ಎದೆಗೆ ಕಟ್ಟಿಕೊಂಡು ಕುಳಿತಿದ್ದೇನೆ. ದುರ್ಗಾ ಎಂದರೆ ಕಥೆಯೊಳಗಿನ ಹೆಂಗಸು, ಗಂಡ ತೀರಿಕೊಂಡ ಟೀಚರು, ನನಗಿಂತ ಹತ್ತಾರು ವರ್ಷ ಚಿಕ್ಕವಳನ್ನಾಗಿ ಮಾಡಿದ್ದೇನೆ, ಜಡೆ ಉದ್ದ ಮಾಡಿದ್ದೇನೆ, ನಾನು ಕೆಲಸ ಮಾಡಿದ ಬಾಗೂರಿನ ಶಾಲೆಗೆ ಬೇರೆ ಹೆಸರಿಟ್ಟಿದ್ದೇನೆ, ಮಾರಿ ಕಣಿವೆಯ ಅಣೆಕಟ್ಟನ್ನು ಮಾತ್ರ ಬದಲಿಸಲಾಗಲಿಲ್ಲ, ಅಷ್ಟು ನೀರು ಕೋಡಿ ಬಿದ್ದು ಹರಿಯುವ ಇನ್ನೊಂದು ಜಾಗವನ್ನು ನಮ್ಮ ಕಡೆ ಎಲ್ಲಿಂದ ತರಲಿ. ಬರ್ಕೊ ಅನ್ನುತ್ತೇನೆ, ಮುಂದಿನ ಸಾಲು — ನೀರು ಧುಮುಕುತ್ತಿತ್ತು, ಮಾತು ಮೌನವಾಯಿತು. ಸುಷ್ಮಿತಾ ಒತ್ತುವುದಿಲ್ಲ, ಇದು ಮೊದ್ಲೇ ಇತ್ತಲ್ಲ ಅತ್ತೆ, ಇದನ್ನೇ ಅಲ್ವಾ ಅವರು ಬ್ಯಾಡ ಅಂದಿದ್ದು ಅನ್ನುತ್ತಾಳೆ. ಹೌದು, ಇದನ್ನೇ.

ಉಚ್ಚಂಗೆಮ್ಮ ಫೋನು ಮಾಡಿದ್ದು ನಿನ್ನೆ, ಚಿತ್ರದುರ್ಗದಿಂದ, ಜಿಲ್ಲೆಯ ಹೆಣ್ಣುಮಕ್ಕಳ ಕಥೆಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡುತ್ತಿರುವಾಕೆ, ಮಾತಿಗೆ ಸಕ್ಕರೆ ಸವರುವ ಅಭ್ಯಾಸವಿಲ್ಲ — ಏಕಾಂತಕ್ಕ, ಕಥೆ ಚೆನ್ನಾಗೈತೆ, ಆದ್ರೆ ಕೋಡಿ ತಾವ ಇಬ್ರೂ ನಿಂತ್ಕಂತಾರೆ, ಮುಂದಿನ ಸಾಲಿಗೆ ಅವ್ಳು ಬಸ್ಸಲ್ಲಿ ಕುಂತು ಅಳ್ತಾಳೆ, ಮಧ್ಯ ಏನಾತು, ಏನೋ ನುಂಗಿದೀರಿ. ನಾನು ಹಂಗೇ ಇರ್ಲಿ ಬಿಡಮ್ಮ, ಓದೋರು ಊಹಿಸ್ಕಂತಾರೆ ಅಂದೆ. ಊಹಿಸ್ಕಳ್ಳಾಕೆ ಏನು ಬಿಟ್ಟಿದೀರಿ ಅಕ್ಕ, ನಾಚ್ಕೆ ಆದ್ರೆ ಕಥೆ ವಾಪಸ್ ತಗಳ್ರಿ, ಇಲ್ಲಾಂದ್ರೆ ನಾಳೆ ಸಾಯಂಕಾಲದೊಳಗೆ ಆ ಜಾಗ ಬರ್ದು ಕಳಿಸ್ರಿ. ಆ ಜಾಗ. ರಾತ್ರಿಯೆಲ್ಲ ಅದರ ಸುತ್ತ ಸುತ್ತಿದ್ದೇನೆ, ಹತ್ತಿರ ಹೋದಂತೆಲ್ಲ ಕಿವಿ ಬಿಸಿಯಾಗುತ್ತದೆ, ಈ ವಯಸ್ಸಿನಲ್ಲಿ, ಮೊಮ್ಮಗಳು ಅಂಗನವಾಡಿಗೆ ಹೋಗುವಾಗ. ಬೇರೆ ದಾರಿಗಳು ಇಲ್ಲದಿಲ್ಲ, ಮೇಷ್ಟ್ರು ಕಣ್ಣಲ್ಲಿ ನೀರು ತಂದುಕೊಂಡು, ಸತ್ತ ಹೆಂಡತಿಯ ನೆನಪಿದೆ ಕ್ಷಮಿಸಿ ಎಂದು ಘನತೆಯಿಂದ ಹೇಳಲಿ, ಅಥವಾ ದುರ್ಗಾಳೇ ಬಾಯಿ ತೆರೆದು, ಬೇಡವೆಂದು ಮುಚ್ಚಿಕೊಳ್ಳಲಿ, ಅಥವಾ ಅಷ್ಟರಲ್ಲಿ ಮಳೆ ಬರಲಿ, ಕಥೆಯಲ್ಲಿ ಮಳೆ ನಾನು ಕರೆದಾಗ ಬರುತ್ತದೆ. ಮೂರನ್ನೂ ಮನಸ್ಸಿನಲ್ಲೇ ಬರೆದು ನೋಡಿದೆ, ಮೂರೂ ಅಂದವಾಗಿವೆ, ಮೂರರಲ್ಲೂ ಅವಳಿಗೆ ಮರ್ಯಾದೆ ಇದೆ, ಆದರೆ ಯಾವುದರಲ್ಲೂ ಅವಳು ಬಸ್ಸಿನಲ್ಲಿ ಹಾಗೆ ಅಳಬೇಕಾಗಿಲ್ಲ, ಸೆರಗಿನ ತುದಿ ಬಾಯಿಗೆ ತುರುಕಿಕೊಂಡು, ಹಿಂದಿನ ಸೀಟಿನಲ್ಲಿ ಮಕ್ಕಳು ಅಂತ್ಯಾಕ್ಷರಿ ಹಾಡುತ್ತಿರುವಾಗ. ಅತ್ತೆ, ನೀರು ಕುಡಿತೀರಾ? ಬ್ಯಾಡಮ್ಮ. ಹುಡುಗಿ ಕೇಳುವುದು ನೀರನ್ನು, ಕಣ್ಣು ಕೇಳುವುದು ಬೇರೆ ಏನನ್ನೋ, ಗೊತ್ತೇ ಇವಳಿಗೆ, ಗೊತ್ತಿರಬಹುದು, ಆ ಮೇಷ್ಟ್ರು ಊಟದ ಡಬ್ಬಿ ತೆರೆಯುವ ಮೊದಲು ಮುಚ್ಚಳದ ಮೇಲೆ ಎರಡು ಸಲ ಬೆರಳಿನಿಂದ ತಟ್ಟುತ್ತಾರೆ ಎಂದು ಹೇಳಿ ಬರೆಸಿದೆನಲ್ಲ ಮೊನ್ನೆ, ಅಂಥದ್ದನ್ನು ಯಾರೂ ಸುಮ್ಮನೆ ಕಟ್ಟುವುದಿಲ್ಲ.

ರಾಮಾಂಜನೇಯ ಮೇಷ್ಟ್ರು ಗಣಿತದವರು, ಆದಿವಾಲದ ಕಡೆಯವರು, ಹೊಸದುರ್ಗದಲ್ಲಿ ರೂಮು ಮಾಡಿಕೊಂಡಿದ್ದರು, ಹೆಂಡತಿ ಹೋಗಿ ವರ್ಷಗಳಾಗಿದ್ದವು, ನನ್ನವರು ಚಿತ್ರಲಿಂಗಪ್ಪನವರು ಹೋಗಿಯೂ ವರ್ಷಗಳಾಗಿದ್ದವು, ಇಬ್ಬರೂ ಸ್ಟಾಫ್ ರೂಮಿನ ಕಿಟಕಿಯ ಬಳಿ ಊಟ ಮಾಡುತ್ತಿದ್ದೆವು, ನನ್ನ ಹುಳಿ ಅವರಿಗೆ, ಅವರ ಕೈಯಾರೆ ಮಾಡಿದ ಗಟ್ಟಿ ಚಟ್ನಿ ನನಗೆ, ಮಾತು ಕಡಿಮೆ, ಬಿಸಿಲು ಜಾಸ್ತಿಯಾದರೆ ಎದ್ದು ಕಿಟಕಿಯ ಬಾಗಿಲನ್ನು ನನ್ನ ಕಡೆಗೆ ಮಾತ್ರ ಮುಚ್ಚುತ್ತಿದ್ದರು. ಅದರ ಮೇಲೆ ನಾನು ಮನೆ ಕಟ್ಟಿದೆ. ಆ ವರ್ಷ ಮಾರಿ ಕಣಿವೆ ಕೋಡಿ ಬಿತ್ತು, ಅದಕ್ಕೆ ಮೊದಲು ಅಜ್ಜಂದಿರ ಕಾಲದಲ್ಲಿ ಬಿದ್ದದ್ದಂತೆ, ಹಿರಿಯೂರಿನ ದಾರಿಯಲ್ಲಿ ಜನವೋ ಜನ, ಶಾಲೆಯಿಂದಲೂ ಬಸ್ಸು ಮಾಡಿದರು, ನಾನು ನೇರಳೆ ಬಣ್ಣದ ಸೀರೆ ಉಟ್ಟೆ, ಕನ್ನಡಿಯ ಮುಂದೆ ಒಂದು ವಾಕ್ಯವನ್ನು ಪಾಠದ ಹಾಗೆ ಬಾಯಿಪಾಠ ಮಾಡಿದೆ — ಅತ್ತೆ, ಹೇಳ್ರಿ, ಅವರು ಊಟಕ್ಕೆ ಬರೋ ಹೊತ್ತಾತು ಅನ್ನುತ್ತಾಳೆ ಸುಷ್ಮಿತಾ. ಬರುವ ಹೊತ್ತು, ಹೌದು, ಮಗ ಗೋವರ್ಧನ ತನ್ನ ಮೆಡಿಕಲ್ ಶಾಪಿನ ಶಟರ್ ಅರ್ಧ ಎಳೆದು ಈಗ ಗಾಡಿ ಹತ್ತಿರಬಹುದು, ಅವನು ಬರುವುದರೊಳಗೆ ಹೇಳಿಬಿಟ್ಟರೆ ಮುಗಿಯಿತು, ಅಥವಾ ಅವನು ಬರುವವರೆಗೆ ಹೇಳದಿದ್ದರೂ ಮುಗಿಯಿತು, ಊಟ, ನಿದ್ದೆ, ಸಂಜೆ, ಉಚ್ಚಂಗೆಮ್ಮನಿಗೆ ಫೋನು, ವಾಪಸ್ ತಗಂತೀನಮ್ಮ. ಬರ್ಕೊ ಅಂದೆ, ಅಂದೇಬಿಟ್ಟೆ — ದುರ್ಗಾ ಮೇಷ್ಟ್ರ ಕಡೆಗೆ ತಿರುಗಿ, ಇನ್ನು ಮುಂದಿನ ದಾರಿಯನ್ನು ನಾವಿಬ್ಬರೂ ಜೊತೆಯಾಗಿ ನಡೆಯಬಹುದಲ್ಲವೇ ಎಂದಳು. ಕೀಲಿಮಣೆಯ ಸದ್ದು, ಟಪಟಪ, ನಡೆಯಬಹುದಲ್ಲವೇ ಎಂಬಲ್ಲಿ ಒಂದು ಕ್ಷಣ ತಡೆದು ಮತ್ತೆ ಟಪಟಪ, ನಗಲಿಲ್ಲ ಹುಡುಗಿ. ಹೇಳ್ರಿ ಅತ್ತೆ. ಎಂದಳು, ಆದರೆ ಕೋಡಿಯ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ, ಕಿವಿಗೆ ಕೈ ಕೊಟ್ಟು ಏನ್ರಿ ಮೇಡಂ ಎಂದು ಕೂಗಿದರು, ಅವಳು ಮತ್ತೆ ಹೇಳಿದಳು, ಈ ಸಲ ಕೂಗಿ, ತರಗತಿಯಲ್ಲಿ ಕೊನೆಯ ಬೆಂಚಿಗೆ ಕೇಳಿಸುವ ಹಾಗೆ, ಜೊತೆಯಾಗಿ ನಡೆಯಬಹುದಲ್ಲವೇ — ನಿಲ್ಲಿಸು, ಸ್ವಲ್ಪ ನಿಲ್ಲಿಸಮ್ಮ.

ಗೇಟಿನ ಸದ್ದು. ಅವನ ಚಪ್ಪಲಿ, ಅವನು ಕಾಲು ತೊಳೆಯುವ ನೀರು, ಏನ್ ನಡ್ದೈತೆ ಅತ್ತೆ ಸೊಸೆದು ಎನ್ನುತ್ತ ಒಳಗೆ ಬಂದು ಸುಷ್ಮಿತಾಳ ಹಿಂದೆ ನಿಲ್ಲುತ್ತಾನೆ, ಪರದೆಯ ಬೆಳಕು ಅವನ ಕನ್ನಡಕದಲ್ಲಿ, ತುಟಿ ಅಲ್ಲಾಡುತ್ತದೆ, ಓದುತ್ತಿದ್ದಾನೆ, ಚಿಕ್ಕವನಿದ್ದಾಗಲೂ ತುಟಿ ಅಲ್ಲಾಡಿಸದೆ ಓದಲು ಬರುತ್ತಿರಲಿಲ್ಲ, ನಾನೇ ಕಲಿಸಿದ್ದು ಅಕ್ಷರ, ಅದೇ ಅಕ್ಷರ. ತುಟಿ ನಿಂತಿತು. ಅಮ್ಮ, ಇದು ರಾಮಾಂಜನೇಯ ಮೇಷ್ಟ್ರಲ್ವಾ? ಕಥೆ ಕಣಪ್ಪ, ಊಟ ಮಾಡು. ಡಬ್ಬಿ ಮುಚ್ಚಳ ತಟ್ಟೋದು ಅವರೇ ಅಲ್ವಾ, ಅಪ್ಪನ ತಿಥಿಗೆ ಬಂದಾಗ ಎಲೆಯ ಪಕ್ಕದಲ್ಲೂ ತಟ್ಟಿದ್ರು, ನಾನ್ ನೋಡಿಲ್ವಾ. ಅವನ ದನಿ ಏರಿಲ್ಲ, ಏರಿದ್ದರೆ ಚೆನ್ನಾಗಿತ್ತು. ಕಥೆ ಅಂದ್ನಲ್ಲಪ್ಪ. ಅಮ್ಮ, ಜನಕ್ಕೆ ಕಥೆ ಯಾವ್ದು ನಿಜ ಯಾವ್ದು ಗೊತ್ತಾಗಲ್ವಾ, ಅವರ ಅಳಿಯ ವಾರಕ್ಕೊಂದ್ಸಲ ಅಂಗಡಿಗೆ ಬರ್ತಾರೆ, ಮಾತ್ರೆ ಕೊಡುವಾಗ ನಾನು ಯಾವ ಮುಖ ಇಟ್ಕಳ್ಳಿ, ಅದೂ ಇಂಥದ್ದು, ಗಂಡಸಿನ ಹತ್ರ ಕೂಗ್ಕಂಡು ಕೇಳೋದು, ಅಸಹ್ಯ ಆಗುತ್ತಮ್ಮ. ಅಸಹ್ಯ. ಸುಷ್ಮಿತಾ ತಿರುಗಿ ನೋಡದೆ, ಅಸಹ್ಯ ಏನೈತ್ರಿ ಇದ್ರಾಗೆ, ಕೇಳಿದ್ದಾಳೆ ಅಷ್ಟೆ ಅನ್ನುತ್ತಾಳೆ. ನೀನು ಸುಮ್ನಿರೆ. ನಾನ್ ಟೈಪ್ ಮಾಡ್ತಿರಾಳು, ನಾನ್ಯಾಕೆ ಸುಮ್ನಿರ್ಲಿ. ಇಬ್ಬರೂ ನನ್ನನ್ನು ನೋಡುತ್ತಾರೆ ಈಗ. ಅಳಿಸು ಅನ್ನಬಹುದು, ಒಂದೇ ಮಾತು, ಗುಂಡಿ ಒತ್ತಿದರೆ ಆ ಹೆಂಗಸು ಆ ಜಾಗದಲ್ಲಿ ಇರುವುದೇ ಇಲ್ಲ, ಮಗ ಕೈ ತೊಳೆದು ಊಟಕ್ಕೆ ಕೂರುತ್ತಾನೆ, ಮೊಸರು ಹಾಕಮ್ಮ ಅನ್ನುತ್ತಾನೆ. ಅಸಹ್ಯ ಎಂಬ ಮಾತನ್ನು ಅವನು ಇವತ್ತು ಹೇಳಿದ, ನಾನು ನನಗೆ ಆವತ್ತಿನಿಂದ ಹೇಳಿಕೊಳ್ಳುತ್ತ ಬಂದಿದ್ದೇನೆ, ಬಚ್ಚಲಲ್ಲಿ, ಬಸ್ಸಿನಲ್ಲಿ, ಪ್ರಾರ್ಥನೆಯ ಸಾಲಿನಲ್ಲಿ, ಕಿಟಕಿ ಬಿಟ್ಟು ಮಕ್ಕಳ ಜೊತೆ ಅಡುಗೆಕೋಣೆಯ ಬಳಿ ಊಟಕ್ಕೆ ಕೂತಾಗ, ಹೊಳಲ್ಕೆರೆಗೆ ವರ್ಗ ಕೇಳಿ ಅರ್ಜಿ ಹಾಕಿದಾಗ, ಮೇಷ್ಟ್ರು ಯಾಕ್ರಿ ಮೇಡಂ ಇದ್ದಕ್ಕಿದ್ದಂಗೆ ಅಂದಾಗ, ಮಗ ಸೊಸೆ ಅಲ್ಲೇ ಇದಾರಲ್ಲ ಸಾರ್ ಅಂದಾಗ. ನನ್ನ ಬಾಯಲ್ಲಿ ಅದು ಸವೆದುಹೋಗಿತ್ತು, ಮಗನ ಬಾಯಲ್ಲಿ ಕೇಳಿದಾಗ ಹೊಸದು, ಹೊಸದಾಗಿ ಕೇಳಿದಾಗ ಅದು ಆ ಹೆಂಗಸಿಗೆ ಸರಿಹೊಂದುತ್ತಿಲ್ಲ, ನೇರಳೆ ಸೀರೆ ಉಟ್ಟವಳಿಗೆ, ಅವಳೇನು ಮಾಡಿದಳು. ಬರ್ಕೊ ಸುಷ್ಮಿತಾ. ಅಮ್ಮ. ಇಲ್ಲೇ ಕುಂತು ಕೇಳು, ಇಲ್ಲಾ ಹೊರಗೆ ಹೋಗು, ನಾನಂತೂ ಹೇಳಾಕೆ ಶುರು ಮಾಡೀನಿ. ಅವನು ತಟ್ಟೆ ತೆಗೆದುಕೊಂಡು ಜಗಲಿಗೆ ಹೋಗುತ್ತಾನೆ, ಬಾಗಿಲು ಎಳೆದುಕೊಳ್ಳುವುದಿಲ್ಲ.

ಬರ್ಕೊ — ಜೊತೆಯಾಗಿ ನಡೆಯಬಹುದಲ್ಲವೇ ಎಂದು ಅವಳು ಕೂಗಿದ್ದು ಅಕ್ಕಪಕ್ಕದವರಿಗೆಲ್ಲ ಕೇಳಿಸಿತು, ಮಕ್ಕಳು ತಿರುಗಿದರು, ಮೇಷ್ಟ್ರು ಮಾತ್ರ ನಡ್ಕಂಡ್ಯಾಕ್ರಿ ಮೇಡಂ ಹೋಗಾಣ, ಬಸ್ಸು ಇಲ್ಲಿಗೇ ಬರುತ್ತೆ ಅಂದರು. ಜಗಲಿಯಲ್ಲಿ ತಟ್ಟೆಯ ಸದ್ದಿಲ್ಲ. ಸುಷ್ಮಿತಾಳ ಬೆರಳು ಓಡುತ್ತಿದೆ, ನಾನು ಕಣ್ಣು ಮುಚ್ಚುತ್ತೇನೆ, ಮುಚ್ಚಿದರೆ ನೀರು, ಬಿಳಿ ನೀರು, ತುಂತುರು ಮುಖಕ್ಕೆ, ಕನ್ನಡಕ ಮಂಜಾಗಿದೆ, ಬಾಯಿಪಾಠ ಮಾಡಿದ ವಾಕ್ಯ ಮುಗಿದುಹೋಗಿದೆ, ಇನ್ನೊಂದು ವಾಕ್ಯ ತಂದಿಲ್ಲ — ಬರ್ಕೊ, ಅವಳಿಗೆ ಮಾತು ಉಳಿದಿರಲಿಲ್ಲ, ಅದಕ್ಕೆ ಕೈ ಚಾಚಿದಳು, ಅಂಗೈ ಮೇಲೆ ಮಾಡಿ, ಹಿಡಿದುಕೊಳ್ಳಲಿ ಎಂದು. ಬರ್ದೆ ಅತ್ತೆ. ಹಿಂದಿನಿಂದ ಡ್ರಿಲ್ ಮೇಷ್ಟ್ರು, ಮೇಡಂಗೆ ಹಸಿವಾಗೈತೆ ಕೊಡ್ರಿ ಸಾರ್ ಎಂದು ಕೂಗಿದರು, ಎಲ್ಲರೂ ನಕ್ಕರು. ಪಕ್ಕದಲ್ಲಿದ್ದ ಮೇಷ್ಟ್ರ ಕೈಯಲ್ಲಿ ಶೇಂಗಾದ ಪೊಟ್ಟಣ ಇತ್ತು, ಹುರಿದ ಶೇಂಗಾ, ಗೇಟಿನ ಬಳಿ ಕೊಂಡದ್ದು, ಎಲ್ಲರ ಕೈಯಲ್ಲೂ ಇತ್ತು, ಕಾಲಡಿಯೆಲ್ಲ ಸಿಪ್ಪೆ. ಮೇಷ್ಟ್ರು ಅವಳ ಚಾಚಿದ ಅಂಗೈ ನೋಡಿದರು, ಅವಳ ಮುಖ ನೋಡಲಿಲ್ಲ, ಅಂಗೈ ತುಂಬ ಶೇಂಗಾ ಹಾಕಿದರು. ಹೇಳಿದೆ. ಆಗಿಹೋಯಿತು, ಬಾಯಿಂದ ಹೊರಗೆ ಬಂತು, ಮನೆಯ ಗೋಡೆಗಳು ಹಾಗೆಯೇ ಇವೆ. ಆಮೇಲೆ? ಆಮೇಲೆ ಅವಳು ತಿಂದಳು ಅಂತ ಬರಿ, ಎಲ್ಲರೂ ನೋಡುತ್ತಿದ್ದರು, ಕೈ ಹಿಂದಕ್ಕೆ ತೆಗೆದುಕೊಳ್ಳಲು ಇನ್ನೊಂದು ದಾರಿ ಇರಲಿಲ್ಲ, ಅಷ್ಟನ್ನೂ ಒಂದೇ ಸಲ ಬಾಯಿಗೆ ಹಾಕಿಕೊಂಡಳು, ಹಾಕಿಕೊಂಡು ತಲೆಯಾಡಿಸಿದಳು, ಚೆನ್ನಾಗಿದೆ ಅನ್ನುವ ಹಾಗೆ. ಜಗಲಿಯಿಂದ ಗೋವರ್ಧನ ಕೆಮ್ಮಿದನೋ, ಮೂಗು ಒರೆಸಿಕೊಂಡನೋ. ಸುಷ್ಮಿತಾಳ ಬೆರಳು ನಿಂತಿದೆ, ಹುಬ್ಬು ಗಂಟಾಗಿದೆ, ಅಳುವಿಗಲ್ಲ, ಅವಳಿಗೆ ಏನೋ ಲೆಕ್ಕ ಸೇರುತ್ತಿಲ್ಲ. ಅತ್ತೆ, ಒಂದೇ ಸಲ ಬಾಯಿಗೆ ಹಾಕ್ಕಂಡ್ಳು ಅಂದ್ರಿ, ಸಿಪ್ಪೆ ಸಮೇತನಾ? ಇಲ್ಲಮ್ಮ, ಸಿಪ್ಪೆ ಯಾರಾದ್ರೂ ತಿಂತಾರಾ. ಮತ್ತೆ, ಬಿಡಿಸಿದ್ವಾ? ಬಿಡಿಸಿದ್ದವು — ಎಂದು ಬಾಯಿ ಹೇಳುತ್ತದೆ, ನಾನು ಹೇಳುವ ಮೊದಲೇ ಹೇಳುತ್ತದೆ, ಬಿಡಿಸಿದ್ದವು, ಯಾರು ಬಿಡಿಸಿದರು, ಪೊಟ್ಟಣದಲ್ಲಿದ್ದವು ಸಿಪ್ಪೆಯವು, ಕಾಲಡಿ ಸಿಪ್ಪೆ, ಅವರು ನನ್ನ ಪಕ್ಕದಲ್ಲಿ ನಿಂತು ಅಷ್ಟೂ ಹೊತ್ತು ಕೆಳಗೆ ನೋಡುತ್ತ ಏನು ಮಾಡುತ್ತಿದ್ದರು, ಒಂದನ್ನೂ ಬಾಯಿಗೆ ಹಾಕಿಕೊಳ್ಳದೆ, ಯಾರಿಗೆ ಎತ್ತಿಡುತ್ತಿದ್ದರು, ನಾಲಗೆಗೆ ಕೆಂಪು ಹೊಟ್ಟು ಸಹ ತಗಲಲಿಲ್ಲ, ಉಜ್ಜಿ, ಊದಿ — ಅತ್ತೆ, ಏನಂತ ಬರೀಲಿ? — ಹೊಟ್ಟು ಊದಿ ತೆಗೆದ ಶೇಂಗಾ, ಎರಡೆರಡು ಬೇಳೆ, ಬಿಳುಪು, ಅವರ ಮುಷ್ಟಿಯ ಬಿಸಿ ಇನ್ನೂ ಇತ್ತು, ನನ್ನ ಅಂಗೈಯಲ್ಲಿ, ಬಿಡಿಸಿದ್ದವು, ಒಂದೊಂದೂ.