ಚಿಕ್ಕಪ್ಪನ ಎಡಗೈ

ನಮ್ಮ ಚಿಕ್ಕಪ್ಪ ಟೈಲರ್. ಅವನು ಹೊಲಿಗೆ ಯಂತ್ರದ ಮುಂದೆ, ಚಿಕ್ಕಮ್ಮ ಅವನೆದುರಿಗೆ ಕಾಜ ಗುಂಡಿಯ ಕೆಲಸಕ್ಕೆ. ಮದುವೆಯಾದಾಗಿನಿಂದ ಇಬ್ಬರೂ ಹಾಗೇ ಕೂತವರು. ಹೊಲಿದು ಮುಗಿದ ಅಂಗಿಯನ್ನು ಅವನು ತಲೆಯೆತ್ತದೆ ಎಡಗೈಯಿಂದ ಚಾಚುತ್ತಿದ್ದ, ಅವಳು ತಲೆಯೆತ್ತದೆ ತೆಗೆದುಕೊಳ್ಳುತ್ತಿದ್ದಳು. ಕೈ ಕೈ ಹಿಡಿದು ಕೂತದ್ದಂತೂ ಒಂದು ದಿನವೂ ಇಲ್ಲ ಎಂದು ಚಿಕ್ಕಮ್ಮ ನಗುತ್ತಲೇ ಹೇಳುತ್ತಾಳೆ. ಚಿಕ್ಕಪ್ಪ ಮುಂಗೋಪಿಯಲ್ಲ, ಕೆಟ್ಟವನಲ್ಲ. ಸದಾ ಬಾಯಲ್ಲಿ ದಾರ ಕಚ್ಚಿಕೊಂಡವನ ಹಾಗೆ ಎಲ್ಲವನ್ನೂ ಒಳಗೇ ಇಟ್ಟುಕೊಂಡ ಮನುಷ್ಯ.

ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದ್ದ. ಮನೆಗೆ ಬಂದ ಮೇಲೆ ಮಾತು ಸರಿಹೋಯಿತು, ನಡಿಗೆ ಸರಿಹೋಯಿತು, ಎಡಗೈ ಮಾತ್ರ ಬೇರೆ ಸಂಸಾರ ಹೂಡಿತು. ಬಲಗೈ ಅಂಗಿಯ ಗುಂಡಿ ಹಾಕಿದರೆ ಅದು ಬಿಚ್ಚುತ್ತಿತ್ತು. ಬಲಗೈ ಬಾಗಿಲು ತೆರೆದರೆ ಅದು ಮುಚ್ಚುತ್ತಿತ್ತು. ಚಿಕ್ಕಪ್ಪ ಅದಕ್ಕೆ ಅಳಿಯ ಎಂದು ಹೆಸರಿಟ್ಟ. "ಹೇಳಿದ ಮಾತು ಕೇಳಲ್ಲ, ಬೈದು ಕಳಿಸೋ ಹಾಗೂ ಇಲ್ಲ."

ಆ ಅಳಿಯ ಒಂದು ಬೆಳಿಗ್ಗೆ, ಲೋಟ ಕೊಡಲು ಬಂದ ಚಿಕ್ಕಮ್ಮನ ಕೈ ಹಿಡಿದುಕೊಂಡಿತು. ಬಿಡಲೇ ಇಲ್ಲ. ಚಿಕ್ಕಪ್ಪ ನಾಚಿ, ಬಲಗೈಯಿಂದ ಒಂದೊಂದೇ ಬೆರಳು ಬಿಡಿಸಿ, ನಾನಲ್ಲ ಕಣೇ, ಇದು, ಎಂದ. ಮಾರನೆಯ ದಿನವೂ ಹಿಡಿಯಿತು. ಆಮೇಲೆ ಚಿಕ್ಕಮ್ಮ ಕೆಲಸವಿರಲಿ ಬಿಡಲಿ, ಅವನ ಎಡಗಡೆಯಿಂದಲೇ ಓಡಾಡತೊಡಗಿದಳು. ನನಗೆ ಹೇಳುವಾಗ ಮುಖ ಆಚೆ ತಿರುಗಿಸಿಕೊಂಡಿದ್ದಳು.

"ಇಷ್ಟು ವರ್ಷ ಒಳಗಿದ್ದದ್ದು ಈಗ ಹೊರಗೆ ಬಂತೇನೋ ಅನ್ಸುತ್ತೆ ಕಣೇ."

ಡಾಕ್ಟರ ಹತ್ತಿರವೂ ಕೇಳಿದಳು. ಡಾಕ್ಟರು ಸಮಾಧಾನದ ಹುಡುಗಿ. ಮಿದುಳಿನ ಎರಡು ಭಾಗಗಳ ನಡುವಿನ ಸೇತುವೆಗೆ ಪೆಟ್ಟಾಗಿದೆ, ಚಿಕ್ಕಪ್ಪ ಅಂದುಕೊಳ್ಳುವ ಮೊದಲೇ ಆ ಕೈ ಹೊರಟುಬಿಡುತ್ತದೆ ಎಂದು ಬಿಡಿಸಿ ಹೇಳಿದರು.

"ಅದು ನಿಮ್ಮನ್ನ ಹಿಡೀತಿಲ್ಲಮ್ಮ. ತಾಗಿದ್ದನ್ನ ಹಿಡೀತಿದೆ."

ಹಾಗಾದರೆ ಹಿಡಿಯುವ ಆಸೆ ಯಾರದ್ದು ಎಂದು ಚಿಕ್ಕಮ್ಮ ಪಟ್ಟು ಬಿಡಲಿಲ್ಲ. ನಮ್ಮ ನಿಮ್ಮ ಕೈಯಲ್ಲೂ ಆಸೆ ಎಲ್ಲಿಂದ ಶುರುವಾಗುತ್ತದೋ ನಮಗೇ ಸರಿಯಾಗಿ ಗೊತ್ತಿಲ್ಲ ಎಂದು ಡಾಕ್ಟರು ಒಪ್ಪಿಕೊಂಡರು. ಅಂಗೈಯಲ್ಲಿ ಒಂದು ಬಟ್ಟೆಯ ಸುರುಳಿ ಇಡಿ, ಸುಮ್ಮನಿರುತ್ತದೆ ಎಂದೂ ಹೇಳಿ ಕಳಿಸಿದರು.

ಟೈಲರ್ ಮನೆಯಲ್ಲಿ ಬಟ್ಟೆಗೇನು ಬರ? ಆದರೂ ಚಿಕ್ಕಮ್ಮನಿಗೆ ದಿನಕ್ಕೊಂದು ನೆಪ. ಈ ಬಟ್ಟೆ ಒರಟು, ಆ ಬಟ್ಟೆ ಜಾರುತ್ತದೆ. ಚಿಕ್ಕಪ್ಪನಿಗೋ ಮತ್ತೆ ಯಂತ್ರದ ಮುಂದೆ ಕೂರುವ ಹಂಬಲ. ಅಳಿಯನನ್ನು ಸುಮ್ಮನಿರಿಸು, ಒಂದು ಕೈಯಲ್ಲಾದರೂ ದಿಂಬಿನ ಚೀಲ ಹೊಲಿಯುತ್ತೇನೆ ಎಂದು ಗೋಗರೆದ. ಕೊನೆಗೆ ಅವಳು ಮನಸ್ಸು ಗಟ್ಟಿ ಮಾಡಿ, ಬಟ್ಟೆಯ ಚೂರುಗಳನ್ನು ಬಿಗಿಯಾಗಿ ಸುತ್ತಿ, ಹೊಲಿದು, ಆ ಅಂಗೈಯಲ್ಲಿಟ್ಟಳು. ಬೆರಳುಗಳು ಅದನ್ನೂ ಅಷ್ಟೇ ಅಕ್ಕರೆಯಿಂದ ಅಪ್ಪಿಕೊಂಡವು. ಅವಳು ಎಡಗಡೆಯಿಂದ ಹಾದುಹೋದಳು. ಕೈ ಅಲುಗಲಿಲ್ಲ.

ಚಿಕ್ಕಪ್ಪ ಖುಷಿಯಿಂದ ಒಂದು ಅಂಚು ಹೊಲಿದು ತಲೆಯೆತ್ತಿದರೆ, ಎದುರಿಗೆ ಅವಳು ಸೂಜಿ ಹಿಡಿದು ಸುಮ್ಮನೆ ಕೂತಿದ್ದಳು. ಏನಾಯಿತು ಎಂದ.

"ಅದು ಹಿಡೀತಿತ್ತಲ್ಲ, ಹಾಗೆ ಒಂದ್ಸಲ ನೀವಾಗಿ ಹಿಡೀರಿ."

ಅವನು ಬಹಳ ಹೊತ್ತು ತನ್ನ ಬಲಗೈಯನ್ನೇ ನೋಡಿದ.

"ನೀನು ಕೇಳಿದ ಮೇಲೆ ಹಿಡಿದ್ರೆ, ಅದು ನಾನು ಹಿಡಿದ ಹಾಗಾಗುತ್ತೇನೇ?"

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೈಯನ್ನು ಮೇಜಿನ ಮೇಲಿಟ್ಟಳು. ಯಾರೋ ಗಿರಾಕಿ ಬಾಗಿಲಲ್ಲಿ ಕೂಗಿ ನೋಡಿ ಹೊರಟುಹೋದರು. ಚಿಕ್ಕಪ್ಪನ ಬಲಗೈ ಯಂತ್ರದ ಚಕ್ರ ಬಿಟ್ಟು ಹೊರಟು, ಅರ್ಧ ದಾರಿಯಲ್ಲಿ ನಿಂತಿತು. ತಾನೇ ಕೊಂಚ ಕೈ ಚಾಚಿದ್ದರೆ ಸಿಕ್ಕಿಬಿಡುತ್ತಿತ್ತು ಎಂದು ಆಮೇಲೆ ನನಗೆ ಹೇಳಿದಳು ಚಿಕ್ಕಮ್ಮ. ಆದರೆ ತಾನು ಒಂದು ಬೆರಳಷ್ಟೂ ಸರಿಯಲಿಲ್ಲವಂತೆ. ಅವನೇ ಬರಲಿ ಎಂದು ಕೂತಳು.