ಚೌಕಳಿಗೆ ಬಂದ ದೂರುಗಳು

ನನ್ನ ಬಾಯಿ ಜೋರು ಅಂತ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಗೊತ್ತುಂಟು. ಹಾಗಾಗಿ ಶ್ರೀನಿಯ ವಿಷಯ ಹೇಳುವಾಗ ನನ್ನ ಸ್ವರ ಸ್ವಲ್ಪ ಏರಿದರೆ ಬೇಜಾರು ಮಾಡಬೇಡಿ. ಎರಡು ಸಾವಿರದ ಎಂಟರ ಮಾತು ಇದು. ಆಗ ನಾನು ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಮನೀಷ್ ಭಾಯಿಯ ಹತ್ತಿರ ಕೆಲಸಕ್ಕಿದ್ದೆ, ಈಗಲೂ ಅಲ್ಲೇ ಇದ್ದೇನೆ. ಎಲ್‌ಇಡಿ ಬೋರ್ಡು ಮಾಡುವ ಸಣ್ಣ ಕಾರ್ಖಾನೆ. ಹೋಟೆಲಿನ ಬಾಗಿಲಲ್ಲಿ ಹಬೆಯಾಡುವ ಚಾ ಕಪ್ಪು, ಮೆಡಿಕಲ್ ಅಂಗಡಿಯ ಹಸಿರು ಪ್ಲಸ್ಸು, ಮಂಟಪದಲ್ಲಿ ಕಿವಿ ಅಲ್ಲಾಡಿಸುವ ಗಣಪತಿ, ಇಂಥದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಚುಕ್ಕಿ ಚುಕ್ಕಿಯಾಗಿ ಬಿಡಿಸಿಕೊಡುವವಳು ನಾನು. ಇದಕ್ಕೆ ಪಿಕ್ಸೆಲ್ ಆರ್ಟ್ ಅಂತ ಹೆಸರುಂಟು ಅಂತ ಹೇಳಿದ್ದೇ ಶ್ರೀನಿ.

ಶ್ರೀನಿ ಮೈಸೂರಿನ ಹುಡುಗ. ಹೆಂಡತಿ ಸಂಯುಕ್ತಾಳ ಜೊತೆ ಕಾಮೋಠೆಯಲ್ಲಿದ್ದ. ನವಿ ಮುಂಬಯಿಯ ಒಂದು ಐಟಿ ಕಂಪನಿಯಲ್ಲಿ ಕೆಲಸ, ರಜಾ ದಿನಗಳಲ್ಲಿ ಕೂತು ಚಿತ್ರ ಬಿಡಿಸುವ ಒಂದು ಸಾಫ್ಟ್‌ವೇರು ಮಾಡ್ತಿದ್ದ. ಚೌಕಳಿ ಅಂತ ಹೆಸರಿಟ್ಟಿದ್ದ. ಪರದೆ ತುಂಬ ಪುಟ್ಟ ಪುಟ್ಟ ಚೌಕ, ಒಂದೊಂದಕ್ಕೂ ಬಣ್ಣ ತುಂಬುತ್ತಾ ಹೋಗುವುದು. ಬಟನ್ನುಗಳೆಲ್ಲ ಕನ್ನಡದಲ್ಲಿ: ತುಂಬು, ಅಳಿಸು, ಹಿಂದಕ್ಕೆ. ಆ ವರ್ಷ ಯುಗಾದಿಗೆ ನಮ್ಮ ಕನ್ನಡ ಸಂಘದಲ್ಲಿ ಅದರ ಸಿಡಿ ಬಿಡುಗಡೆ ಆಯಿತು. ಇನ್ನೂ ಪೂರ್ತಿಯಾಗಿಲ್ಲ, ಬಳಸಿ ನೋಡಿ, ತಪ್ಪು ಕಂಡರೆ ಫೋನ್ ಮಾಡಿ ಅಂತ ಕವರಿನ ಮೇಲೆ ಅಚ್ಚು ಹಾಕಿಸಿ ಮೊಬೈಲ್ ನಂಬರು ಕೊಟ್ಟಿದ್ದ. ವೇದಿಕೆಯಲ್ಲೂ ಅದನ್ನೇ ಹೇಳಿದ. ನೀವು ಬೈದರೆ ಮಾತ್ರ ಇದು ಬೆಳೆಯುತ್ತೆ ಅಂದ. ಸಭೆಯಲ್ಲಿ ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು.

ಆಮೇಲೆ ಸಂಘದ ಅಧ್ಯಕ್ಷರು, ಕಲ್ಯಾಣದಲ್ಲಿ ಹೋಟೆಲ್ ಇರುವ ನಮ್ಮ ವಸಂತಣ್ಣ, ಮೈಕ್ ತೆಗೆದುಕೊಂಡರು. ಚಿನ್ನದಂಥ ಮನುಷ್ಯ, ಯಾರ ಮನೆಯ ಕಾರ್ಯಕ್ಕೂ ಮೊದಲು ನಿಲ್ಲುವವರು. ನಮ್ಮ ಕನ್ನಡದ ಹುಡುಗ ಮಾಡಿದ್ದು, ಸಿಡಿ ತೆಗೆದುಕೊಳ್ಳದೆ ಯಾರೂ ಊಟದ ಸಾಲಿಗೆ ಹೋಗಬಾರದು ಅಂತ ಅಪ್ಪಣೆ ಮಾಡಿದರು. ತಾವೇ ಒಂದು ಕಟ್ಟು ಎತ್ತಿಟ್ಟುಕೊಂಡರು. ಎಲೆ ಹಾಕುವ ಮೊದಲೇ ಪೆಟ್ಟಿಗೆ ಖಾಲಿ. ಶ್ರೀನಿ ಅವತ್ತು ಊಟ ಮಾಡಿದ್ದು ನಾನು ನೋಡಲಿಲ್ಲ, ಅವನು ಸುಮ್ಮನೆ ನಗುತ್ತಾ ಅಲ್ಲಿಂದಿಲ್ಲಿಗೆ ಓಡಾಡುತ್ತಿದ್ದ.

ನನ್ನ ಹತ್ತಿರ ಆಗಲೇ ಒಂದು ವಿದೇಶಿ ಸಾಫ್ಟ್‌ವೇರು ಇತ್ತು. ಅದರಲ್ಲಿ ಇಲ್ಲದ್ದು ಅಂತ ಏನೂ ಇಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಚೌಕಳಿಯಲ್ಲಿ ಅರ್ಧ ಬಟನ್ನು ಒತ್ತಿದರೆ ಏನೂ ಆಗುವುದಿಲ್ಲ. ಆದರೆ ಕತ್ತಲೆಯಲ್ಲಿ ಬೋರ್ಡು ಉರಿಯುವಾಗ ಹೇಗೆ ಕಾಣ್ತದೆ ಅಂತ ತೋರಿಸುವ ಒಂದು ಬಟನ್ನು ಅದರಲ್ಲಿತ್ತು, ಆ ಇನ್ನೊಂದರಲ್ಲಿ ಇರಲಿಲ್ಲ. ಮತ್ತೆ ಕವರಿನ ಮೇಲೆ ನಂಬರು ಇತ್ತು. ಇಷ್ಟು ವರ್ಷ ಕಂಪ್ಯೂಟರಿನ ಮುಂದೆ ಕೂತು ಬೈದದ್ದೆಲ್ಲ ಗೋಡೆಗೆ ಬೈದ ಹಾಗೆ ಆಗಿತ್ತು. ಇಲ್ಲಿ ಕೇಳುವ ಒಂದು ಜನ ಉಂಟು ಅಂತ ಚೌಕಳಿಯನ್ನೇ ಹಿಡಿದೆ. ಮನೀಷ್ ಭಾಯ್ ಹಣೆ ಚಚ್ಚಿಕೊಂಡರು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಫೋನು. ಸೇವ್ ಮಾಡಿದರೆ ಕೆಳಗಿನ ಸಾಲು ಮಾಯ, ಗಣಪತಿಯ ಇಲಿಗೆ ಕಾಲೇ ಇಲ್ಲ. ಕೆಂಪು ತುಂಬಿದರೆ ಪಕ್ಕದ ಹಸಿರೂ ಕೆಂಪಾಗ್ತದೆ. ಒಂದು ಕಡೆ ಬಿಡಿಸಿದ್ದು ಇನ್ನೊಂದು ಕಡೆ ತನ್ನಷ್ಟಕ್ಕೆ ಬರಬೇಕು, ಇಲ್ಲದಿದ್ದರೆ ದೀಪದ ಎರಡು ಮಗ್ಗುಲು ಸಮ ಆಗುವುದಿಲ್ಲ. ದಿನ ಬಿಟ್ಟು ದಿನ ಫೋನ್ ಮಾಡಿ ಜಗಳಾಡುತ್ತಿದ್ದೆ. ಎಂತ ಮಾರಾಯ, ನೀನು ಯಾವತ್ತಾದರೂ ಒಂದು ದೀಪ ಬಿಡಿಸಿ ನೋಡಿದ್ದುಂಟಾ ಅಂತ ಕೇಳಿದ್ದೆ. ಅವನು ಮೊದಲು ಮೇಡಂ ಅನ್ನುತ್ತಿದ್ದವನು ಜಯಕ್ಕ ಅನ್ನಲಿಕ್ಕೆ ಶುರು ಮಾಡಿದ. ಹೇಳಿದ್ದನ್ನೆಲ್ಲ ಸರಿಮಾಡಿ ಪೆನ್‌ಡ್ರೈವಿನಲ್ಲಿ ಹಾಕಿಕೊಡುತ್ತಿದ್ದ. ಇಲಿಗೆ ಕಾಲು ಬಂದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಮಳೆಗಾಲ ಶುರುವಾಗುವಾಗ ಶ್ರೀನಿ ಕೆಲಸಕ್ಕೆ ರಾಜೀನಾಮೆ ಕೊಟ್ಟ. ಪೆನ್‌ಡ್ರೈವ್ ತರಲಿಕ್ಕೆ ಕಾಮೋಠೆಗೆ ಹೋದಾಗ ಸಂಯುಕ್ತಾ ಹೇಳಿದಳು. ಅವಳು ಬೇಲಾಪುರದಲ್ಲಿ ಒಂದು ಬ್ಯಾಂಕಿನಲ್ಲಿದ್ದಳು, ಮಾತು ಕಡಿಮೆ. ರಾಜ್ಯೋತ್ಸವದವರೆಗೆ ಇದರಲ್ಲೇ ಕೂರಲಿ, ಅಷ್ಟರಲ್ಲಿ ಚೌಕಳಿ ತನ್ನ ಕಾಲ ಮೇಲೆ ನಿಂತರೆ ಸರಿ, ಇಲ್ಲದಿದ್ದರೆ ಮತ್ತೆ ಕೆಲಸಕ್ಕೆ ಹೋಗಬೇಕು ಅಂತ ಇಬ್ಬರೂ ಮಾತಾಡಿಕೊಂಡಿದ್ದರಂತೆ. ಶ್ರೀನಿಗೆ ಅನುಮಾನವೇ ಇರಲಿಲ್ಲ. ಅಷ್ಟು ಜನ ತಗೊಂಡಿದ್ದಾರೆ, ಇಷ್ಟು ತಿಂಗಳಲ್ಲಿ ಜಯಕ್ಕನನ್ನು ಬಿಟ್ಟರೆ ಒಬ್ಬರೂ ತೊಂದರೆ ಅಂತ ಹೇಳಿಲ್ಲ, ಅಂದಮೇಲೆ ಮುಕ್ಕಾಲು ಪಾಲು ಮುಗಿದ ಹಾಗೆ ಅನ್ನುವುದು ಅವನ ಲೆಕ್ಕ. ನಾನು ಅವತ್ತೂ ಒಂದು ದೂರು ತಂದಿದ್ದೆ. ಹಿಂದಕ್ಕೆ ಒತ್ತಿದರೆ ಒಮ್ಮೊಮ್ಮೆ ಇಡೀ ಪ್ರೋಗ್ರಾಮೇ ಮುಚ್ಚಿಹೋಗುತ್ತಿತ್ತು.

"ಜಯಕ್ಕ, ತಪ್ಪು ತಿಳ್ಕೋಬೇಡಿ," ಅಂದ. "ಎಲ್ಲರ ಮನೇಲೂ ಚೆನ್ನಾಗಿ ನಡೀತಿದೆ. ನಿಮಗೊಬ್ಬರಿಗೇ ಯಾಕೆ ಹೀಗಾಗುತ್ತೋ ಗೊತ್ತಿಲ್ಲ."

ನಾನು ಪೆನ್‌ಡ್ರೈವ್ ಚೀಲಕ್ಕೆ ಹಾಕಿಕೊಂಡು ಹೊರಟೆ. ನನ್ನಂಥವಳು ಜಗಳಾಡದೆ ಹೊರಟಳು ಅಂದರೆ ಎಷ್ಟು ನಾಟಿರಬೇಕು ನೋಡಿ. ಸಂಘದಲ್ಲಿ ಇಂಜಿನಿಯರುಗಳಿದ್ದಾರೆ, ಮ್ಯಾನೇಜರುಗಳಿದ್ದಾರೆ, ಅವರಿಗೆಲ್ಲ ಬರ್ತದೆ, ನನಗೆ ಮಾತ್ರ ಬರುವುದಿಲ್ಲ ಅಂತ ಟ್ರೈನಿನಲ್ಲಿ ಬರುವಾಗ ಕಣ್ಣಲ್ಲಿ ನೀರು ಬಂತು. ಮನೆಗೆ ಬಂದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ.

ನವರಾತ್ರಿ ಬಂತು. ಅಕ್ಟೋಬರ್ ಒಂದನೇ ತಾರೀಕು, ಬೋರ್ಡುಗಳ ಅವಸರದ ಮಧ್ಯೆ ಚೌಕಳಿ ತೆರೆದರೆ, ಪರೀಕ್ಷೆಯ ಅವಧಿ ಮುಗಿದಿದೆ ಅಂತ ಒಂದು ಸಾಲು ತೋರಿಸಿ ಮುಚ್ಚಿಕೊಂಡಿತು. ಎಷ್ಟು ಸಲ ಒತ್ತಿದರೂ ಅಷ್ಟೇ. ಫೋನ್ ಮಾಡಿ ಯದ್ವಾತದ್ವಾ ಬೈದೆ. ಮಧ್ಯಾಹ್ನ ಅವನೇ ವಾಗ್ಳೆ ಎಸ್ಟೇಟಿಗೆ ಓಡಿ ಬಂದ, ತಲೆ ಬಾಚಿರಲಿಲ್ಲ. ತಾನೇ ಪರೀಕ್ಷೆ ಮಾಡುವಾಗ ಸೆಪ್ಟೆಂಬರ್ ಮುಗಿದ ಮೇಲೆ ತೆರೆಯದ ಹಾಗೆ ಒಂದು ಬೀಗ ಹಾಕಿಟ್ಟಿದ್ದನಂತೆ, ಸಿಡಿ ಮಾಡಿಸುವ ಮೊದಲು ಅದನ್ನು ತೆಗೆಯಲಿಕ್ಕೆ ಮರೆತಿದ್ದ. ಯುಗಾದಿಗೆ ಹೋದ ಅಷ್ಟೂ ಸಿಡಿಗಳಲ್ಲಿ, ನನ್ನ ಪೆನ್‌ಡ್ರೈವಿನಲ್ಲೂ ಅದೇ ಬೀಗ. ಇವತ್ತು ಅಷ್ಟೂ ಮನೆಗಳಲ್ಲಿ ಚೌಕಳಿ ಮುಚ್ಚಿದೆ, ಜನ ನನ್ನನ್ನು ಬಿಡೋದಿಲ್ಲ ಅಂತ ಕೈ ಹಿಸುಕಿಕೊಂಡ. ನನ್ನದನ್ನು ಸರಿಮಾಡಿ, ಇನ್ನೊಂದು ಫೋನ್ ಬಂದೀತು ಅಂತ ಮೊಬೈಲನ್ನು ಅಂಗೈಯಲ್ಲೇ ಇಟ್ಟುಕೊಂಡು ಹೋದ.

ಫೋನ್ ಬರಲಿಲ್ಲ. ಕೊಂಡವರು ಯಾರು ಯಾರು ಅಂತ ಅವನಿಗೆ ಗೊತ್ತಿಲ್ಲ. ವಸಂತಣ್ಣನನ್ನು ಕೇಳಿದ್ದಕ್ಕೆ, ರಾಜ್ಯೋತ್ಸವಕ್ಕೆ ಬಾ ಮಾರಾಯ, ಎಲ್ಲರೂ ಸಿಗ್ತಾರೆ, ನಿನಗೆ ಸನ್ಮಾನ ಇಟ್ಟಿದ್ದೇವೆ ಅಂದರಂತೆ. ಬೀಗದ ವಿಷಯ ಹೇಳಲಿಕ್ಕೆ ಇವನಿಗೆ ನಾಚಿಕೆ. ಹೊಸ ಸಿಡಿ ಮಾಡಿಸಿಕೊಂಡು ಹೋಗಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹತ್ತಿರ ಕ್ಷಮೆ ಕೇಳುತ್ತೇನೆ, ನೋಡಿ ನಮ್ಮ ಜನ ಎಷ್ಟು ದೊಡ್ಡ ಮನಸ್ಸಿನವರು, ನನ್ನ ಮರ್ಯಾದೆ ಹೋಗಬಾರದು ಅಂತ ಸುಮ್ಮನಿದ್ದಾರೆ ಅಂತ ಫೋನಿನಲ್ಲಿ ನನ್ನ ಹತ್ತಿರ ಹೇಳಿದ.

ನಮ್ಮ ಜನ ನನಗೆ ಗೊತ್ತಿಲ್ವಾ? ಸಂಘದಲ್ಲಿ ಪುಸ್ತಕ ಬಿಡುಗಡೆ ಆದರೆ ಎಲ್ಲರೂ ಕೊಳ್ತೇವೆ, ಅದು ನಮ್ಮ ಪದ್ಧತಿ. ಮನೆಗೆ ತಂದು ಶೋಕೇಸಿನಲ್ಲಿ ಇಡ್ತೇವೆ. ಬರೆದವರು ಸಿಕ್ಕಿ ಕೇಳಿದರೆ ಭಾರೀ ಲಾಯ್ಕ ಬಂದಿದೆ ಅಂತೇವೆ. ನನ್ನ ಮನೆಯಲ್ಲೂ ಹಾಗೆ ಒಂದು ಸಾಲು ಕವನ ಸಂಕಲನ ಉಂಟು.

"ಶ್ರೀನಿ, ತೆರೆದು ನೋಡಿದವರು ತಾನೇ ಬೈಯುವುದು?" ಅಂದೆ.

ಅವನಿಗೆ ಸಿಟ್ಟು ಬಂತು. ನೀವೊಬ್ಬರೇ ಕೆಲಸ ಮಾಡೋರು ಅಂದ್ಕೋಬೇಡಿ ಅಂತ ಹೇಳಿ ಫೋನ್ ಇಟ್ಟ. ರಾಜ್ಯೋತ್ಸವದವರೆಗೆ ಮತ್ತೆ ಮಾತಾಡಲಿಲ್ಲ.

ಸಂಘದಲ್ಲಿ ರಾಜ್ಯೋತ್ಸವ ಇಟ್ಟದ್ದು ನವೆಂಬರ್ ಎರಡು, ಭಾನುವಾರ. ಸಭಾಗೃಹದ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಹುಡುಗಿಯರ ಪಕ್ಕದಲ್ಲೇ ಶ್ರೀನಿ ಇಸ್ತ್ರಿ ಮಾಡಿದ ಜುಬ್ಬಾ ಹಾಕಿ, ಹೆಗಲಿಗೆ ಸಿಡಿಯ ಚೀಲ ಸಿಕ್ಕಿಸಿ ನಿಂತಿದ್ದ. ಬಂದವರಿಗೆಲ್ಲ ಕೈ ಮುಗಿದು, ಅವತ್ತಿನ ಸಿಡಿಯಲ್ಲಿ ಒಂದು ತಪ್ಪಾಗಿದೆ, ದಯವಿಟ್ಟು ಇದನ್ನು ತಗೊಳ್ಳಿ ಅಂತಿದ್ದ. ಜನ ಅವನ ಬೆನ್ನು ತಟ್ಟಿ, ಬೇಡ ಬೇಡ, ನಮ್ಮದು ಚೆನ್ನಾಗಿಯೇ ಉಂಟು ಅಂತ ಒಳಗೆ ಹೋಗುತ್ತಿದ್ದರು. ಮುಲುಂಡಿನ ಗುರುವಪ್ಪ ಮಾಸ್ತರರು, ನನ್ನ ಮೊಮ್ಮಗಳು ದಿನಾ ಅದರಲ್ಲೇ ಬಿಡಿಸ್ತಾಳೆ, ಎಂತ ತಪ್ಪೂ ಇಲ್ಲ ಅಂದರು. ದಿನಾ ಅಂದರೆ ನಿನ್ನೆ ಕೂಡಾನಾ ಅಂತ ಶ್ರೀನಿ ಕೇಳಿದ. ನಿನ್ನೆ ಕೂಡ ಅಂದರು ಅವರು, ಪ್ರೀತಿಯಿಂದ. ಅವನ ಮುಖದ ನಗು ಹಾಗೇ ಇತ್ತು, ಆದರೆ ಅದರ ಹಿಂದೆ ಅವನು ಇರಲಿಲ್ಲ. ಸಂಯುಕ್ತಾ ಗೋಡೆಗೆ ಒರಗಿ ಅವನನ್ನೇ ನೋಡುತ್ತಿದ್ದಳು.

ವೇದಿಕೆಗೆ ಕರೆದು ಶಾಲು ಹೊದೆಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ವಸಂತಣ್ಣ ಅಭಿಮಾನದಿಂದ ಅವನ ಹೆಗಲ ಮೇಲೆ ಕೈ ಹಾಕಿದರು.

"ನಾನು ಇವತ್ತು ಬೆಳಿಗ್ಗೆ ಕೂಡ ಚೌಕಳಿ ತೆರೆದು ನೋಡಿಯೇ ಬಂದದ್ದು," ಅಂದರು ಮೈಕಿನಲ್ಲಿ. "ಒಂದೇ ಒಂದು ತೊಂದರೆ ಇಲ್ಲ."

ಚಪ್ಪಾಳೆ ಬಿತ್ತು. ತೆರೆಯಲಿಕ್ಕೆ ಸಾಧ್ಯವೇ ಇಲ್ಲದೆ ಒಂದು ತಿಂಗಳು ದಾಟಿತ್ತು. ಎರಡನೇ ಸಾಲಿನಲ್ಲಿ ಕೂತಿದ್ದ ನನ್ನ ಕಡೆ ಶ್ರೀನಿ ನೋಡಿದ. ಇಡೀ ಸಭೆಯಲ್ಲಿ ನಾನೊಬ್ಬಳೇ ಚಪ್ಪಾಳೆ ತಟ್ಟಿರಲಿಲ್ಲ. ಅವನಿಗೆ ಮಾತಾಡಲಿಕ್ಕೆ ಹೇಳಿದರು. ಎಲ್ಲರಿಗೂ ನಮಸ್ಕಾರ ಅಂತ ಮಾತ್ರ ಹೇಳಿ ಕೆಳಗಿಳಿದ. ಹುಡುಗನಿಗೆ ಎಷ್ಟು ವಿನಯ ನೋಡಿ ಅಂತ ನನ್ನ ಪಕ್ಕದ ರತ್ನಾವತಿ ಅಂದಳು.

ಊಟಕ್ಕೆ ನಿಲ್ಲದೆ ಹೊರಟವನನ್ನು ನಾನು ಗೇಟಿನ ಹತ್ತಿರ ಹಿಡಿದೆ. ಶಾಲು ಇನ್ನೂ ಹೆಗಲ ಮೇಲಿತ್ತು, ಸಿಡಿಯ ಚೀಲ ತುಂಬಿದ್ದು ತುಂಬಿದ ಹಾಗೇ ಇತ್ತು. ಸಂಯುಕ್ತಾ ರಿಕ್ಷಾ ನಿಲ್ಲಿಸಲಿಕ್ಕೆ ಮುಂದೆ ಹೋಗಿದ್ದಳು.

"ಇಷ್ಟು ದಿನ ನೀವೊಬ್ಬರೇನಾ, ಜಯಕ್ಕ?"

"ಹೌದು," ಅಂದೆ. ಸುಳ್ಳು ಹೇಳಿ ಸಮಾಧಾನ ಮಾಡಲಿಕ್ಕೆ ಆಗಲೇ ತುಂಬ ಜನ ಇದ್ದರು. "ಒಬ್ಬಳಾದರೂ ಇದ್ದೇನಲ್ಲ ಮಾರಾಯ. ನನ್ನ ಕೆಲಸ ಇರುವುದೇ ಅದರ ಮೇಲೆ. ನನಗೋಸ್ಕರ ಮಾಡು."

ಅವನು ನನ್ನ ಕೈಗೆ ಹಣ್ಣಿನ ಬುಟ್ಟಿ ಕೊಟ್ಟ. ಒಬ್ಬರಿಗೋಸ್ಕರ ನಾನು ಕೆಲಸ ಬಿಡ್ತಿರಲಿಲ್ಲ ಅಂತ ಮೆಲ್ಲಗೆ ಹೇಳಿದ. ಅದರಲ್ಲಿ ಸಿಟ್ಟು ಇರಲಿಲ್ಲ, ಅದಕ್ಕೇ ನನಗೆ ಹೆಚ್ಚು ಸಂಕಟ ಆಯಿತು. ರಿಕ್ಷಾ ಹೋಯಿತು. ನಾನು ಬುಟ್ಟಿ ಹಿಡಿದುಕೊಂಡು ಬಸ್ಸಿಗೆ ನಿಂತೆ.

ದೀಪಾವಳಿಯ ಬಾಕಿ ಕೆಲಸ ಮುಗಿಸಿ ಒಂದು ದಿನ ವಸಂತಣ್ಣನ ಹೋಟೆಲಿಗೆ ಬೋರ್ಡು ಕೂರಿಸಲಿಕ್ಕೆ ಕಲ್ಯಾಣಕ್ಕೆ ಹೋಗಿದ್ದೆ. ಗಲ್ಲಾದ ಹಿಂದೆ ದೇವರ ಫೋಟೋ, ಅದರ ಬುಡದಲ್ಲಿ ಚೌಕಳಿಯ ಕಟ್ಟು. ರಬ್ಬರ್ ಬ್ಯಾಂಡ್ ಕೂಡ ಬಿಚ್ಚಿರಲಿಲ್ಲ. ಆಯುಧಪೂಜೆಗೆ ಇಟ್ಟ ಕುಂಕುಮ, ಒಣಗಿದ ಸೇವಂತಿಗೆ ಮೇಲೆ ಹಾಗೇ ಇತ್ತು. ಬಾಯಿಗೆ ಬಂದದ್ದು ಹೇಳಿಬಿಡಬೇಕು ಅಂತ ತಿರುಗಿದೆ. ವಸಂತಣ್ಣ ಚಾ ಹಿಡಿದುಕೊಂಡು ನಿಂತಿದ್ದರು. ಆ ಮೈಸೂರಿನ ಹುಡುಗ ಹೇಗಿದ್ದಾನೆ, ಮುಂದಿನದ್ದು ಯಾವಾಗ ಬಿಡುಗಡೆ, ಈ ಸಲ ಎರಡು ಕಟ್ಟು ತೆಗೆದುಕೊಳ್ತೇನೆ ಅಂತ ಹೇಳು ಅಂದರು. ಅವರ ಕಣ್ಣಲ್ಲಿ ಒಂದು ಚೂರು ಕಪಟ ಇರಲಿಲ್ಲ. ಯಾರಿಗೆ ಬೈಯಲಿ ಹೇಳಿ. ಚಾ ಕುಡಿದು ಬಂದೆ.

ಶ್ರೀನಿ ಐರೋಲಿಯಲ್ಲಿ ಬೇರೆ ಕಂಪನಿ ಸೇರಿದ. ಹಿಂದಕ್ಕೆ ಬಟನ್ನಿನ ತೊಂದರೆ ಹಾಗೇ ಉಳಿದಿತ್ತು. ತಡೆಯದೆ ಒಂದು ದಿನ ಫೋನ್ ಮಾಡಿದೆ. ಎತ್ತಿದ್ದು ಸಂಯುಕ್ತಾ.

"ಇನ್ನು ಮಾಡಬೇಡಿ ಜಯಕ್ಕ," ಅಂದಳು. "ನಿಮ್ಮ ಹೆಸರು ಕಂಡರೆ ಆ ದಿನವಿಡೀ ಅವರು ಮಾತಾಡೋದಿಲ್ಲ. ನಿಮ್ಮ ತಪ್ಪೇನೂ ಇಲ್ಲ. ಆದರೂ ಮಾಡಬೇಡಿ."

ಆಯಿತಮ್ಮ ಅಂದೆ.

ಮನೀಷ್ ಭಾಯ್ ಎಷ್ಟೋ ಹೊಸ ಸಾಫ್ಟ್‌ವೇರು ತಂದರು. ನಾನು ಚೌಕಳಿ ಬಿಡಲಿಲ್ಲ. ಅದಕ್ಕಾಗಿಯೇ ಆ ಹಳೇ ಕಂಪ್ಯೂಟರನ್ನು ಮೂಲೆಯಲ್ಲಿ ಇಟ್ಟುಕೊಂಡಿದ್ದೇನೆ. ಹಿಂದಕ್ಕೆ ಒತ್ತಿದರೆ ಈಗಲೂ ಒಮ್ಮೊಮ್ಮೆ ಎಲ್ಲ ಮುಚ್ಚಿಹೋಗ್ತದೆ, ಬೆಳಿಗ್ಗೆಯಿಂದ ಬಿಡಿಸಿದ ನವಿಲು ಪೂರ್ತಿ ಹೋಗ್ತದೆ. ಬೈಗುಳ ನಾಲಗೆಯ ತುದಿಗೆ ಬರ್ತದೆ, ಕೈ ತನ್ನಷ್ಟಕ್ಕೆ ಫೋನಿನ ಕಡೆ ಹೋಗ್ತದೆ. ಆಮೇಲೆ ಸಂಯುಕ್ತಾ ಹೇಳಿದ್ದು ನೆನಪಾಗಿ ಫೋನನ್ನು ಪಕ್ಕಕ್ಕೆ ಸರಿಸಿ, ನವಿಲನ್ನು ಕಾಲಿನಿಂದ ಮತ್ತೆ ಶುರು ಮಾಡ್ತೇನೆ.