ಕರೆಂಟು ಇಳಿಸು

ಕಾರ್ಬ್ಯುರೇಟರಿಗೆ ಮುನ್ನೂರು, ಮ್ಯಾಗ್ನೆಟೋಗೆ ನಾನೂರು, ಹೊಸ ಕೇಬಲ್ಲಿಗೆ ಆರುನೂರು, ಬ್ಯಾಟರಿ ಬೇರೆ — ಲಾರಿಯ ಹಿಂದೆ ನಿಂತು, ಅದರ ಮೇಲಿನ ಹಳೆಯ ವೆಲ್ಡಿಂಗ್ ಮೆಶಿನಿನ ಸದ್ದು ಕೇಳುತ್ತಿದ್ದ ಡಾರ್ಲಾಗೆ ಅಷ್ಟೂ ಡಾಲರು ಒಟ್ಟಿಗೆ ಗುಡುಗುಡು ಅಂದಂತಾಯಿತು, ಆದರೆ ಗುಡುಗುಡು ಒಂದೇ ಸಮ ಇದೆ, ಎಲ್ಲೂ ಕೆಮ್ಮುತ್ತಿಲ್ಲ, ಅರವತ್ತು ದಾಟಿದ ಎಂಜಿನ್ನಿಗೆ ಇನ್ನೇನು ಬೇಕು, ನನಗಿಂತ ವಯಸ್ಸಿನಲ್ಲಿ ದೊಡ್ಡದು, ನನಗಿಂತ ಚೆನ್ನಾಗಿ ಉಸಿರಾಡುತ್ತದೆ. ಹೊಸ ವೆಲ್ಡಿಂಗ್ ಮೆಶಿನು ತೆಗೆದರೆ ಹದಿನಾಲ್ಕು ಸಾವಿರ, ಗುಂಡಿ ಒತ್ತಿದರೆ ಶುರು, ಸದ್ದು ಹೊಲಿಗೆ ಮೆಶಿನಿನಷ್ಟು, ಅದರ ಬೆಂಕಿಯೂ ಹಾಗೇ, ಕುರುಕುರು, ಒಣ ಒಣ — ಇದರದು ಬೆಣ್ಣೆ, ಗಂಡ ಓರಿನ್ ಹೇಳುವುದು ಹಾಗೇ, ಒಳಗೆಲ್ಲ ತಾಮ್ರ ಕಣೇ, ಇದನ್ನು ಕಟ್ಟಿದವರಿಗೆ ತಾಮ್ರ ಉಳಿಸಬೇಕು ಅಂತ ಹೊಳೆದೇ ಇರಲಿಲ್ಲ. ತಲ್ಸಾ ಪಟ್ಟಣದ ಒಬ್ಬ ಮನುಷ್ಯ ಇದಕ್ಕೆ ಆರೂವರೆ ಸಾವಿರ ಕೊಡುತ್ತೇನೆಂದಿದ್ದಾನೆ, ಕೆಲಸಕ್ಕಲ್ಲ, ನೋಡುವುದಕ್ಕೆ, ಬಣ್ಣ ಹೊಡೆಸಿ ಕ್ರೋಮ್ ಹಾಕಿಸಿ ಷೆಡ್ಡಿನಲ್ಲಿ ಸಾಲಾಗಿ ನಿಲ್ಲಿಸುತ್ತಾನಂತೆ, ಈಗಾಗಲೇ ಹನ್ನೊಂದು ಇವೆಯಂತೆ, ಭಾನುವಾರ ಚರ್ಚಿನಿಂದ ಬಂದು ಒಂದೊಂದನ್ನೇ ಸ್ಟಾರ್ಟ್ ಮಾಡಿ ಕುರ್ಚಿ ಹಾಕಿಕೊಂಡು ಕೇಳುತ್ತಾನಂತೆ. ಫೋನಿನಲ್ಲಿ ಓರಿನ್ ಸರಿ ಅಂದ, ಇಟ್ಟ, ತಟ್ಟೆಯಲ್ಲಿದ್ದ ಬನ್ನಿನಂಥ ಬಿಸ್ಕತ್ತಿಗೆ ಗ್ರೇವಿ ಹಾಕಿಕೊಂಡ, ಆಮೇಲೆ ಹೇಳಿದ, ನೀನು ಕಂಪನಿಯ ವೆಲ್ಡಿಂಗ್ ಪರೀಕ್ಷೆ ಪಾಸಾದರೆ ಮೆಶಿನು ನಮ್ಮದು, ಇಲ್ಲದಿದ್ದರೆ ಶನಿವಾರ ಅವನದು. ಪಾಸಾದರೆ ಚಳಿಗಾಲದವರೆಗೂ ಪೈಪ್‌ಲೈನಿನಲ್ಲಿ ಕೆಲಸ, ಓರಿನ್‌ನ ಕಣ್ಣಿಗೆ ಹಾಕಿಸುವ ಇಂಜೆಕ್ಷನ್ನಿಗೂ ಆಯಿತು, ಮನೆಗೂ ಆಯಿತು. ಸುಲಭದ ಲೆಕ್ಕ. ಐವತ್ತೆಂಟರ ಹೆಂಗಸು ಒಂದು ಬೆಳಗ್ಗೆ ಒಂದು ಪೈಪು ಬೆಸೆಯಬೇಕು, ಅಷ್ಟೇ ಬಾಕಿ.

ಮೆಶಿನು ಮೂರು ವರ್ಷ ಸುಮ್ಮನೆ ನಿಂತಿತ್ತು, ಓರಿನ್‌ನ ಕಣ್ಣಿನ ನಡುವೆ ಬೂದು ಕಲೆ ಬಂದು ಕಂಪನಿಯ ಕಣ್ಣುಪರೀಕ್ಷೆಯಲ್ಲಿ ಅವನು ಫೇಲಾದ ದಿನದಿಂದ. ಹೋದ ತಿಂಗಳು ಎಂಜಿನ್ ಓಡಿದರೂ ಕರೆಂಟು ಬರಲಿಲ್ಲ, ಹೋಯಿತು ಅಂದುಕೊಂಡಳು, ಓರಿನ್ ನಕ್ಕ, ಬಹಳ ದಿನ ನಿಂತರೆ ಅದಕ್ಕೆ ತಾನು ಯಾರು ಅನ್ನುವುದೇ ಮರೆತುಹೋಗುತ್ತದೆ ಕಣೇ, ಒಳಗಿರೋ ಚೂರು ಅಯಸ್ಕಾಂತದ ಗುಣ ಹಾರಿಹೋಗಿರುತ್ತೆ, ಬ್ಯಾಟರಿಯಿಂದ ಒಂದು ಸಣ್ಣ ಶಾಕ್ ಕೊಟ್ಟರೆ ಎದ್ದು ಕೂರುತ್ತೆ, ಪ್ಲಸ್ಸು ಇಲ್ಲಿ, ಮೈನಸ್ಸು ಇಲ್ಲಿ, ತಡವಿ ತಡವಿ ಮುಟ್ಟಿಸಿದ, ಚಟ್ ಅಂತ ಒಂದು ಕಿಡಿ, ಎದ್ದು ಕೂತಿತು. ಇಪ್ಪತ್ಮೂರು ವರ್ಷ ಅವಳು ಅವನ ಹೆಲ್ಪರ್, ಈ ಕಡೆ ಎಷ್ಟೋ ಹೆಂಡಂದಿರು ಹಾಗೇ, ರಾಡು ಕೊಡುವುದು, ಗ್ರೈಂಡರ್ ಹಿಡಿಯುವುದು, ಎಲ್ಲಕ್ಕಿಂತ ಹೆಚ್ಚಾಗಿ ಆ ಡಬ್ಬಿ ಹಿಡಿದು ನಿಲ್ಲುವುದು, ಮೆಶಿನಿನಿಂದ ಉದ್ದ ವಯರಿನಲ್ಲಿ ಬಂದ ಸಣ್ಣ ಡಬ್ಬಿ, ಮೇಲೆ ಕರೆಂಟು ಏರಿಸಿ ಇಳಿಸಲು ತಿರುಗಿಸುವ ಗುಬುಟು. ಮಾತು ಕೇಳಿಸುವುದಿಲ್ಲ, ಎಂಜಿನ್ನು, ಗಾಳಿ, ಅವನ ಮುಖದ ಮೇಲೆ ಮುಖಗವಸು, ಬಲಗೈಯಲ್ಲಿ ರಾಡಿನ ಹೋಲ್ಡರು, ಎಡಗೈ ಪೈಪಿಗೆ ಊರಿದ್ದು — ಆ ಎಡಗೈಯ ತೋರುಬೆರಳು ಮೇಲೆ ಆಡಿದರೆ ಕರೆಂಟು ಏರಿಸು, ಕೆಳಗೆ ಆಡಿದರೆ ಇಳಿಸು, ಅಷ್ಟೇ ಭಾಷೆ. ಟೆಕ್ಸಸ್, ಕ್ಯಾನ್ಸಸ್, ಎರಡು ಚಳಿಗಾಲ ನಾರ್ತ್ ಡಕೋಟಾ, ಗಂಡನ ಮುಖ ನೋಡಿದ್ದಕ್ಕಿಂತ ಆ ಬೆರಳು ನೋಡಿದ್ದೇ ಹೆಚ್ಚು, ಜಗಳವಾಡಿದ ದಿನವೂ ಬೆರಳು ಅಂದದ್ದನ್ನು ಮೀರಿದವಳಲ್ಲ, ಅವನ ಅಮ್ಮ ತೀರಿಹೋದ ಸುದ್ದಿ ಬಂದಾಗಲೂ ಬೆರಳು ಕೆಳಗೆ ಆಡಿತು, ಇವಳು ಇಳಿಸಿದಳು, ಸುತ್ತು ಮುಗಿಸಿಯೇ ಅವನು ಮುಖಗವಸು ಎತ್ತಿದ್ದು, ಕೆನ್ನೆ ಒದ್ದೆ.

ಬೆಸೆಯುವುದನ್ನು ಕಲಿಸಿದ್ದೂ ಅವನೇ, ಊಟದ ಹೊತ್ತಿನಲ್ಲಿ, ಬೊಲೋನಿ ಸ್ಯಾಂಡ್‌ವಿಚ್ ತಿಂದು ಮಿಕ್ಕ ಹೊತ್ತು, ಕತ್ತರಿಸಿ ಬಿಸಾಕಿದ ಪೈಪಿನ ತುಂಡಿನ ಮೇಲೆ, ರಾಡು ಎಳೀಬೇಡ, ಲೋಹ ಬರುವಾಗ ಬರಲಿ ಬಿಡು, ನಿನಗೇನು ಬಸ್ಸು ತಪ್ಪುತ್ತಾ. ಮೆಶಿನು ಮತ್ತೆ ಎದ್ದಮೇಲೆ ಊರಿನ ಗೇಟುಗಳೆಲ್ಲ ಅವಳದೇ, ದನದ ಮೇವುತೊಟ್ಟಿ, ಚರ್ಚಿನ ಮೆಟ್ಟಿಲಿನ ಕಂಬಿ. ಈ ಒಂದು ವಾರ ಷೆಡ್ಡಿನಲ್ಲಿ ಅಭ್ಯಾಸ, ಓರಿನ್ ಬಕೆಟ್ಟು ಬೋರಲು ಹಾಕಿಕೊಂಡು ಕೂತು ಡಬ್ಬಿ ಹಿಡಿಯುವವನು, ಕಣ್ಣು ಕಾಣದವನು ನನ್ನ ಬೆರಳು ಹೇಗೆ ನೋಡ್ತೀಯ ಅಂದರೆ, ನಿನ್ನ ಬೆರಳು ಯಾರಿಗೆ ಬೇಕು, ಕಿವಿ ಇದೆ ನನಗೆ, ನೀನು ಕೇಳೋ ಮುಂಚೆ ಕೊಡ್ತೀನಿ ಅಂದ, ಕೊಟ್ಟ ಕೂಡ, ಬೆರಳು ಅರ್ಧ ಆಡುವಷ್ಟರಲ್ಲಿ ಕರೆಂಟು ಇಳಿದಿರುತ್ತಿತ್ತು. ಅದಕ್ಕೇ ಬೆಳಗ್ಗೆ ಪರೀಕ್ಷೆಯ ಈ ಅಂಗಳದಲ್ಲಿ ಕೋಯ್ ಬಂದು ಹೆಲ್ಪರ್ ಬೇಕಾ ಅಂತ ಕೇಳಿದಾಗ ಅವಳು ಬೇಡ ಅಂದಳು — ಕೋಯ್ ಹಳೆಯ ವೆಲ್ಡರು, ಹಿಂದೆ ಒಟ್ಟಿಗೆ ಕೆಲಸ ಮಾಡಿದವನು, ಇವತ್ತು ಅವನೂ ಪರೀಕ್ಷೆಗೆ ಬಂದಿದ್ದಾನೆ — ಏನು ಡಾರ್ಲಾ, ಮುದುಕನನ್ನೂ ತಂದೆ, ಮುದಿ ಮೆಶಿನನ್ನೂ ತಂದೆ, ಇಬ್ಬರನ್ನೂ ಸ್ಟಾರ್ಟ್ ಮಾಡಕ್ಕೆ ಒಂದೇ ಬ್ಯಾಟರಿನಾ ಅಂತಲೇ ಶುರುಮಾಡಿದ. ಓರಿನ್ ದನಿ ಬಂದ ಕಡೆ ತಿರುಗಿ, ಹತ್ತಿರ ಬಾರೋ ಕೋಯ್, ಬಾಯಿ ವಾಸನೆ ನೋಡಿ ಗುರುತು ಹಿಡೀತೀನಿ ಅಂದ, ಸುತ್ತ ಇದ್ದವರೆಲ್ಲ ನಕ್ಕರು, ಎಷ್ಟು ದಿನವಾಗಿತ್ತು ಅವನ ಮಾತಿಗೆ ಜನ ಹೀಗೆ ನಕ್ಕು. ಕೋಯ್ ಅವಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ, ನನ್ನ ಹೆಲ್ಪರ್ ಸುಮ್ಮನೆ ನಿಂತಿದ್ದಾನೆ, ಕರ್ಕೊಂಡು ಹೋಗು, ನಾಚಿಕೆ ಪಡಬೇಡ ಅಂದ, ಬೇಡ ಕಣೋ, ನನ್ನವನಿದ್ದಾನೆ ಅಂದಳು. ಓರಿನ್ ಅಷ್ಟರಲ್ಲಿ ಲಾರಿಗೆ ಒರಗಿ ಮೂಗು ಅರಳಿಸಿ ನಿಂತಿದ್ದ, ಸುತ್ತ ಐದಾರು ಮೆಶಿನು, ಸುಟ್ಟ ಕಬ್ಬಿಣದ ವಾಸನೆ, ಗ್ರೈಂಡರಿನ ಕೂಗು, ಬೆನ್ನು ನೆಟ್ಟಗಾಗಿತ್ತು, ಟೋಪಿಯನ್ನು ಹಿಂದುಮುಂದಾಗಿ ತಿರುಗಿಸಿಕೊಂಡಿದ್ದ, ಬೆಸೆಯುವವರು ತಿರುಗಿಸುವ ಹಾಗೆ, ಅದನ್ನು ನೋಡಿ ಅವಳಿಗೆ ಖುಷಿಯಾಯಿತು, ಖುಷಿಯಷ್ಟೇ ಆಯಿತು.

ಪರೀಕ್ಷಕ ಟೀಗ್, ಬಿಳಿ ಹೆಲ್ಮೆಟ್ಟು, ಒಳ್ಳೆಯ ಮನುಷ್ಯನ ಹಾಗೆ ಕಾಣುತ್ತಾನೆ, ಮೇಡಂ, ನಿಯಮ ಗೊತ್ತಲ್ಲ, ಮೊದಲ ಸುತ್ತಿನಲ್ಲಿ ತೂತು ಬಿತ್ತೋ ಅಲ್ಲಿಗೆ ಮುಗೀತು, ತುಂಬೋ ಹಾಗಿಲ್ಲ, ಈ ವರ್ಷ ಇನ್ನೊಂದು ಸಲ ಅನ್ನೋದಿಲ್ಲ. ಗೊತ್ತು ಸಾರ್. ಮುಖಗವಸು ಬಿತ್ತು, ಕತ್ತಲು, ರಾಡು ಗೀರಿತು, ಹಿಂದೆ ಎಂಜಿನ್ ಒಮ್ಮೆಲೇ ಎದ್ದು ಗುಡುಗಿತು, ಬೆಳಕು — ಪೈಪಿನ ನೆತ್ತಿಯಿಂದ ಕೆಳಗೆ, ಎರಡು ಅಂಚಿನ ನಡುವೆ ಸಣ್ಣ ಸಂದು, ಸಂದಿನಲ್ಲಿ ಕರಗಿದ ಲೋಹ, ಬೆಣ್ಣೆ, ನಿಜಕ್ಕೂ ಬೆಣ್ಣೆ, ಎಳೀಬೇಡ, ಬರುವಾಗ ಬರಲಿ, ಒಂದು ಪಕ್ಕ ಮುಗಿಯಿತು, ಒಳಗೆ ಗವಸಿನ ಬೆರಳು ಸವರಿದರೆ ಎಳೆದ ದಾರದಂತೆ ನಯ, ಟೀಗ್ ಟಾರ್ಚು ಬಿಟ್ಟು ನೋಡಿ ಮುಂದುವರಿಸಿ ಅಂತ ಕೈ ಮಾಡಿದ. ಇನ್ನೊಂದು ಪಕ್ಕ, ನೆತ್ತಿ, ಹೊಟ್ಟೆ, ಮಂಡಿಯೂರಿದಳು, ಈಗ ಪೈಪಿನ ತಳ, ಇಲ್ಲಿ ಸಂದು ಕೂದಲೆಳೆಯಷ್ಟು ಹೆಚ್ಚು ಅಗಲ, ಸದ್ದು ಬದಲಾಯಿತು, ಹುರಿಯುತ್ತಿದ್ದದ್ದು ಈಗ ಹರಿಯುತ್ತಿದೆ, ಬಿಸಿ ಜಾಸ್ತಿ, ಅವನಿಗೆ ಕೇಳಿಸಿರುತ್ತದೆ, ಎಡಗೈಯ ಬೆರಳು ಕೆಳಗೆ ಆಡಿಸಿದಳು, ಇಳಿಸು, ಇಳಿಯಲಿಲ್ಲ, ಮತ್ತೆ ಆಡಿಸಿದಳು, ಇಳಿಸು, ಓರಿನ್, ಇಳಿಸೋ, ರಾಡು ಹಿಂದೆ ಎಳೆದು ತೂತು ಬೀಳದಂತೆ ಸ್ವಲ್ಪ ಹೊತ್ತು ತಡೆದಳು, ಬೆಳಕಿನ ನಡುವೆ ಕಪ್ಪು ಚುಕ್ಕೆ, ಚುಕ್ಕೆ ಹಿಗ್ಗಿತು, ಲೋಹ ಒಂದು ಹನಿಯಾಗಿ ಪೈಪಿನಿಂದ ಕಳಚಿ ಬೂಟಿನ ಪಕ್ಕದ ಮಣ್ಣಿಗೆ ಬಿತ್ತು. ಕೈ ನಿಲ್ಲಿಸಿದಳು. ತಲೆ ಕೊಡವಿ ಮುಖಗವಸು ಮೇಲೆ ಮಾಡಿದಳು, ಬೈಯಬೇಕು ಅಂತಲೇ ಬಾಯಿ ತೆರೆದಿದ್ದಳು. ಓರಿನ್ ಎರಡು ಮಾರು ಆಚೆ ನಿಂತಿದ್ದಾನೆ, ಕಣ್ಣು ಮುಚ್ಚಿದೆ, ಕಿವಿ ಪೈಪಿನ ಕಡೆಗಿದೆ, ಬಲಗೈಯಲ್ಲಿ ಡಬ್ಬಿ ಸುಮ್ಮನೆ ಇದೆ, ಗುಬುಟಿನ ಮೇಲೆ ಬೆರಳೇ ಇಲ್ಲ — ಎಡಗೈ ಮುಂದೆ ಚಾಚಿದೆ, ಕಾಣದ ಪೈಪಿಗೆ ಊರಿದ ಹಾಗೆ, ಅದರ ತೋರುಬೆರಳು ಕೆಳಗೆ ಆಡುತ್ತಿದೆ, ಇಳಿಸು, ಇಳಿಸು, ಅವನಿಗೆ ಸರಿಯಾಗಿಯೇ ಕೇಳಿಸಿದೆ, ನನ್ನಷ್ಟೇ ಬೇಗ ಕೇಳಿಸಿದೆ, ಕೇಳಿಸಿದ್ದನ್ನು ಅವನು, ಬೆಸೆಯುವವನು ತಾನೇ ಎಂಬಂತೆ, ಹೆಲ್ಪರಿಗೆ ಹೇಳುತ್ತಿದ್ದಾನೆ. ಎಂಜಿನ್ನಿಗೆ ಕೆಲಸ ನಿಂತದ್ದು ತಿಳಿದು ಸದ್ದು ತಗ್ಗುವಷ್ಟು ಹೊತ್ತು ಬೆರಳು ಆಡಿತು. ಆಮೇಲೆ ಕೈ ಜೇಬಿಗೆ ಹೋಯಿತು.

ಟೀಗ್ ಬಗ್ಗಿ ನೋಡಿದ, ತೂತಿಗೆ ಗವಸಿನ ಕಿರುಬೆರಳು ಇಟ್ಟ, ತುದಿ ಒಳಗೆ ಹೋಯಿತು, ಏನಾಯಿತು ಮೇಡಂ, ಅಷ್ಟು ಚೆನ್ನಾಗಿ ಬರ್ತಾ ಇತ್ತಲ್ಲ. ಕೈ ತಡವಾಯಿತು ಸಾರ್, ನನ್ನದೇ. ಕ್ಷಮಿಸಿ ಮೇಡಂ. ನೀವೇನು ಮಾಡ್ತೀರಿ ಬಿಡಿ. ಕೋಯ್ ದೂರದಿಂದ ನೋಡಿದ, ಟೋಪಿ ಮುಟ್ಟಿದ, ಈ ಸಲ ತಮಾಷೆ ಮಾಡಲಿಲ್ಲ, ಮಾಡಿದ್ದರೇ ಚೆನ್ನಾಗಿತ್ತು. ಕೇಬಲ್ಲು ಸುತ್ತಿದಳು, ಡಬ್ಬಿಯನ್ನು ಓರಿನ್‌ನ ಕೈಯಿಂದ ತೆಗೆದುಕೊಂಡಳು, ಬೆಚ್ಚಗಿತ್ತು, ಎಂಜಿನ್ ಆರಿಸಿದಳು, ಕಿವಿಯೊಳಗೆ ಇನ್ನೂ ಓಡುತ್ತಿದೆ. ಲಾರಿಯೊಳಗೆ ಬಿಸಿಲಿಗೆ ಕಾದ ಸೀಟು, ಫ್ಲಾಸ್ಕಿನ ಸಿಹಿ ಟೀ, ಅವನು ಒಂದು ಗುಟುಕು ಕುಡಿದು ಮುಚ್ಚಳವನ್ನು ತಡವಿ ತಡವಿ ಹಾಕಿದ. ಸೆಮಿನೋಲ್ ಊರು ದಾಟಿದ ಮೇಲೆ ಅವನು ಅಂದ, ನನಗೆ ಕೇಳಿಸಿತು ಕಣೇ, ತಳಕ್ಕೆ ಬಂದ ಕೂಡಲೇ ಕೇಳಿಸಿತು. ಗೊತ್ತು. ನೀನು ಬೆರಳು ಆಡಿಸಿದೆಯಾ. ರಸ್ತೆಯ ಪಕ್ಕ ಎಣ್ಣೆ ಬಾವಿಯ ಪಂಪು ತಲೆ ಬಗ್ಗಿಸಿತು, ಎತ್ತಿತು. ಇಲ್ಲ, ಮರೆತೆ ಅಂದಳು. ಅವನು ಉಸಿರು ಬಿಟ್ಟ, ಭುಜ ಸಡಿಲವಾಯಿತು, ಕೇಳಬೇಕಿತ್ತು ಕಣೇ, ಕೇಳಿದ್ದರೆ ಕೊಡ್ತಿದ್ದೆ. ಹೌದು, ಕೇಳಬೇಕಿತ್ತು. ಹಾಗಾದರೆ ಇಷ್ಟು — ಕೆಲಸ ಹೋಯಿತು, ಶನಿವಾರ ಮೆಶಿನೂ ಹೋಗುತ್ತದೆ, ತಪ್ಪು ನನ್ನದೆಂದು ಆಯಿತು, ಅದು ಅವನದಲ್ಲ ಎಂಬ ಸಮಾಧಾನವೊಂದು ಮನೆಗೆ ಬಂತು, ಮುಂದೇನು, ಇಂಜೆಕ್ಷನ್ನಿಗೆ ಏನು, ಗೇಟಿನ ಕೆಲಸಕ್ಕೆ ಬಾಡಿಗೆಗೆ ಯಾರದಾದರೂ ಮೆಶಿನು, ಕೋಯ್‌ನನ್ನು ಕೇಳಿ — ಬೆರಳು, ಗಾಳಿಯಲ್ಲಿ, ಕೆಳಗೆ, ಯಾರೂ ನೋಡದೆ — ಕೋಯ್‌ನನ್ನು ಕೇಳಿದರೆ ಇಲ್ಲ ಅನ್ನುವುದಿಲ್ಲ, ಆದರೆ — ಬೆರಳು, ಇಳಿಸು, ಇಳಿಸು.